ಮಾಳಿಗೆಯ ಮೇಲಿನ ನಗು

ಮಾಳಿಗೆಯ ಮೇಲಿಂದ ಮತ್ತೆ ನಗು ಕೇಳಿಸಿತು. ದಾಕ್ಷಾಯಣಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಕಿವಿಗೊಟ್ಟಳು. ಗಂಡನದೇ ನಗು, ಅನುಮಾನವಿಲ್ಲ. ಅವಳು ಒಲೆ ಸಣ್ಣ ಮಾಡಿ ಮೆಟ್ಟಿಲ ಕಡೆ ನಡೆದಳು.

ಏಕೆಂದರೆ ಗವಿಸಿದ್ದಪ್ಪ ನಗುವ ಆಸಾಮಿಯೇ ಅಲ್ಲ. ಕುರುಗೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆಯಂಥ ಮುಖ ಹೊತ್ತು ಕೂಡುವ ಮನುಷ್ಯ. ಟಿವಿಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಚಾನೆಲ್ ಬದಲಿಸುತ್ತಿದ್ದ. ಮನೆಯಲ್ಲಿ ಯಾರಾದರೂ ನಕ್ಕರೆ, ಇದರಲ್ಲಿ ನಗುವುದೇನಿದೆ ಎಂದು ಕೇಳುತ್ತಿದ್ದ. ಅವನ ಒಂದೊಂದು ಚಾಳಿಯೂ ದಾಕ್ಷಾಯಣಮ್ಮನಿಗೆ ಬಾಯಿಪಾಠ. ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕುವುದು. ಬಳ್ಳಾರಿಗೆ ಹೋದರೆ ಆಟೋದವನೊಂದಿಗೆ ಗಂಟಲು ಹರಿಯುವಂತೆ ಚೌಕಾಸಿ ಮಾಡಿ, ಅವನು ಒಪ್ಪಿದ ಮೇಲೆ ನಡೆದೇ ಹೊರಡುವುದು. ಇಂಥವನು ಒಬ್ಬನೇ ಕೂತು ನಗುತ್ತಾನೆಂದರೆ ಯಾರು ನಂಬಬೇಕು? ನಗಿಸುವವಳು ಯಾರೋ ಸಿಕ್ಕಿದ್ದಾಳೆ.

ಅವಳು ಮೆಟ್ಟಿಲೇರಿ ಹೋದಾಗ ಅವನು ಏನನ್ನೋ ದಿಂಬಿನಡಿ ತಳ್ಳಿದ. ಕಣ್ಣು ಒರೆಸಿಕೊಳ್ಳುತ್ತ, ಕೆಮ್ಮು ಎಂದ. ಫೋನೇ ಇರಬೇಕೆಂದು ಅವಳು ತೀರ್ಮಾನಿಸಿದಳು.

ಊಟವಾದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂಡುವುದು ದಾಕ್ಷಾಯಣಮ್ಮನ ರೂಢಿ. ಒಂದು ಗಳಿಗೆ ಅಡ್ಡಾಗುತ್ತಾಳೆಂದು ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಈಗ ಆ ಹೊತ್ತೂ ಹಾಳಾಯಿತು. ಬಾಗಿಲು ಹಾಕಿಕೊಂಡರೂ ಕೈ ಓಡದು. ಮನಸ್ಸು ಮಾಳಿಗೆ ಹತ್ತಿ ಕೂತಿರುತ್ತಿತ್ತು.

ಭಾನುವಾರ ಅವನು ಇಸ್ತ್ರಿ ಅಂಗಿ ತೊಟ್ಟ. ಸಿರುಗುಪ್ಪದಲ್ಲಿ ಭತ್ತದ ಬೀಜದ ಕಂಪನಿಯವರು ಕರೆದಿದ್ದಾರೆಂದು ಹೇಳಿ, ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಂಡ. ಭಾನುವಾರ ಯಾವ ಕಂಪನಿ? ಮಧ್ಯಾಹ್ನ ಪಕ್ಕದ ಮನೆಯ ಮಾರೆಮ್ಮ ಸಿರುಗುಪ್ಪದ ಮಗಳ ಮನೆಯಿಂದ ಬಂದವಳೇ ವರದಿ ಒಪ್ಪಿಸಿದಳು: ಯಜಮಾನರು ಅಲ್ಲಿಂದ ಹಚ್ಚೊಳ್ಳಿ ಬಸ್ಸು ಹತ್ತಿದರು.

ಹಚ್ಚೊಳ್ಳಿ! ದಾಕ್ಷಾಯಣಮ್ಮನ ತವರು. ಹೋಗಿ ಹೋಗಿ ತನ್ನ ತವರಿನಲ್ಲೇ ಒಬ್ಬಳನ್ನು ನೋಡಿಕೊಂಡನೇ? ಅವಳು ತಮ್ಮ ಸಂಗಮೇಶನಿಗೆ ಫೋನು ಹಚ್ಚಿದಳು. ಮಾಮ ಇತ್ತ ಕಡೆ ಬಂದೇ ಇಲ್ಲವೆಂದು ಅವನು ಆಣೆ ಮಾಡಿದ. ಅವನ ಬೆನ್ನ ಹಿಂದೆ ಅದೇ ನಗು ಕೇಳುತ್ತಿತ್ತು. ಗುಟ್ಟು ಕಾಯುವುದರಲ್ಲಿ ತಮ್ಮ ಗಟ್ಟಿಗನೆಂದು ಅವಳಿಗೆ ಮೊದಲಿನಿಂದಲೂ ಗೊತ್ತು. ಆ ಗುಣ ಈಗ ತನಗೇ ತಿರುಗಿತಲ್ಲ ಎಂದು ಅಳು ಬಂತು.

ಸಂಜೆ ಗವಿಸಿದ್ದಪ್ಪ ಮರಳಿದಾಗ ಪಡಸಾಲೆಯಲ್ಲಿ ಅವಳ ಬ್ಯಾಗು ಕೂತಿತ್ತು. ಸಿಟ್ಟು ಮಾಡಿಕೊಂಡು ಹೋಗೋಣವೆಂದರೆ ತವರೂ ಉಳಿದಿರಲಿಲ್ಲ. ಬಳ್ಳಾರಿಯ ಮಗಳ ಮನೆಗೆ ಹೊರಟಿದ್ದಳು.

"ಯಾರಾಕಿ? ಹೆಸರು ಹೇಳ್ರಿ, ನಾ ಹೋಗ್ತೀನಿ."

ಅವನು ಗಾಬರಿಯಾಗಿ ಬ್ಯಾಗನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಚೀಲಕ್ಕೆ ಕೈ ಹಾಕಿ, ಸಾಲಿ ಹುಡುಗರಂತೆ ಹಳೆ ಕ್ಯಾಲೆಂಡರಿನ ಹೊದಿಕೆ ಹಾಕಿದ್ದ ಪುಸ್ತಕವೊಂದನ್ನು ತೆಗೆದ. ಕ್ಯಾಲೆಂಡರು ಸುಲಿದಾಗ ಲೇಖಕನ ಹೆಸರು ಕಾಣಿಸಿತು: ಗೊಂದಲಯ್ಯ.

"ಆಕಿ ಅಲ್ಲ, ಈತ."

ಬಳ್ಳಾರಿಯಲ್ಲಿ ಬಸ್ಸು ತಡವಾಗಿ, ಹೊತ್ತು ಹೋಗದೆ ಕೊಂಡದ್ದಂತೆ. ಮೊದಲ ಪುಟಕ್ಕೇ ನಕ್ಕು ನಕ್ಕು ಬಂದ ಬಸ್ಸನ್ನೂ ಬಿಟ್ಟನಂತೆ. ಇಂಥದ್ದನ್ನು ಓದದೆ ಇಷ್ಟು ವರ್ಷ ಹಾಳುಮಾಡಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತಂತೆ. ನಕ್ಕು ರೂಢಿಯಿಲ್ಲದ ಮುಖ, ನಾಚಿಕೆಯಾಗಿ ಮಾಳಿಗೆ ಹತ್ತುತ್ತಿದ್ದನಂತೆ.

"ಇದ್ರಾಗ ಒಬ್ಬ ಅದಾನ. ಆಟೋದವನ ಕೂಡ ತಾಸುಗಟ್ಲೆ ಚೌಕಾಸಿ ಮಾಡಿ, ಕಡೀಕ ನಡಕೋತ ಹೋಗ್ತಾನ. ಎಂಥಾ ತಿಕ್ಕಲ ನೋಡು."

ದಾಕ್ಷಾಯಣಮ್ಮನ ಹೊಟ್ಟೆಯ ಉರಿ ತಣ್ಣಗಾಯಿತು, ಆದರೆ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಸೆರಗಿನಿಂದ ಬೆವರು ಒರೆಸಿಕೊಂಡು, ಹಚ್ಚೊಳ್ಳಿಗೆ ಯಾಕೆ ಹೋಗಿದ್ದೆಂದು ಮೆಲ್ಲಗೆ ಕೇಳಿದಳು.

"ಪುಸ್ತಕದಾಗ ಅಲ್ಲೀ ವಿಳಾಸ ಐತಿ. ಒಮ್ಮೆ ಕಂಡು ಕೈ ಮುಗೀಬೇಕು ಅನಿಸ್ತು."

"ಸಿಕ್ಕರೇನು?"

"ಅಲ್ಲಿಲ್ಲ. ಈಗ ಕುರುಗೋಡಿನಾಗ ಅದಾರಂತ."

ಅಷ್ಟು ಹೇಳಿ ಅವನು ಅಂಗಿಯ ಜೇಬಿನಿಂದ ಪೆನ್ನು ತೆಗೆದ. ಇನ್ನೊಂದು ಜೇಬು ತಡಕಿದ, ಚೀಲ ಕೊಡವಿದ, ಬ್ಯಾಗಿನ ಹಿಂದೆ ಬಗ್ಗಿ ನೋಡಿದ.

"ಹಣೀ ಮ್ಯಾಲ ಅದಾವು," ಎಂದಳು ದಾಕ್ಷಾಯಣಮ್ಮ ರೂಢಿಯಂತೆ. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಮಾಳಿಗೆಯ ಮೇಲಿನ ಆ ನಗು ಈಗ ಪಡಸಾಲೆಯಲ್ಲೇ ಕೇಳಿಸಿತು. ಗವಿಸಿದ್ದಪ್ಪ ಕನ್ನಡಕ ಇಳಿಸಿಕೊಂಡು, ಪುಸ್ತಕದ ಮೊದಲ ಪುಟ ತೆರೆದು ಹೆಂಡತಿಯ ಮುಂದೆ ಹಿಡಿದ. ಮದುವೆಯಾದಾಗಿನಿಂದ ಅವಳನ್ನು 'ಲೇ' ಎಂದೇ ಕರೆದವನು ಪೆನ್ನು ಚಾಚಿ ಹೇಳಿದ:

"ಒಂದು ಸಹಿ ಹಾಕ್ರಿ, ಗೊಂದಲಯ್ಯನೋರೆ."