ವಾರಗಿತ್ತಿಯರ ಇಂಗ್ಲಿಷು

ಅಸ್ರಾ ಮೇಡಂ ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತ ಬಂದವಳು, ಲತಾಮಣಿಯ ಮುಂದಕ್ಕೆ ಸರಸಮ್ಮನನ್ನೇ ಕರೆದು ಕೂರಿಸಿದಳು. ಉಳಿದ ಹೆಂಗಸರು ಉಸಿರು ಬಿಗಿಹಿಡಿದರು. ಚನ್ನಪಟ್ಟಣದಿಂದ ಸ್ಕೂಟರಿನಲ್ಲಿ ಬಂದುಹೋಗುವ ಹುಡುಗಿಗೆ ಗೊತ್ತಾಗುವುದಾದರೂ ಹೇಗೆ, ಈ ವಾರಗಿತ್ತಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಯಿತೆಂದು?

ಹಾಲಿನ ಡೇರಿಯ ಮಹಡಿಯ ಮೇಲೆ ಭಾನುವಾರ ಸಂಜೆ ನಡೆಯುವ ಇಂಗ್ಲಿಷ್ ಕ್ಲಾಸು, ತಿಂಗಳಿಗೆ ಐವತ್ತು ರೂಪಾಯಿ. ಕೆಂಗಲ್ ಹತ್ತಿರದ ಗೊಂಬೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಲತಾಮಣಿ, ಗಿರಾಕಿಗಳ ಜೊತೆ ನಾಲ್ಕು ಮಾತಾಡಲೆಂದು ಮೊದಲ ದಿನದಿಂದಲೇ ಬರುತ್ತಿದ್ದಳು. ಸರಸಮ್ಮ ಸೇರಿ ಮೂರು ವಾರವಾಗಿತ್ತು. ಹಸು, ಹೊಲ ಬಿಟ್ಟು ಅವಳು ಯಾಕೆ ಸೇರಿದಳೆಂದು ಯಾರಿಗೂ ತಿಳಿಯದು.

ಹಿಪ್ಪುನೇರಳೆ ತೋಟದ ಮೇಲಿಂದ ಹಾದುಬಂದ ಇಳಿಬಿಸಿಲು ಸರಸಮ್ಮನ ನರೆಗೂದಲ ಮೇಲೆ ಕೂತಿತ್ತು. ಇಷ್ಟು ಹತ್ತಿರದಿಂದ ಆ ಮುಖ ನೋಡಿ ಎಷ್ಟು ಕಾಲವಾಯಿತು! ಲತಾಮಣಿಗೆ ಎಲ್ಲವೂ ನೀರಿನೊಳಗಿಂದ ಕಂಡ ಹಾಗೆ ತೇಲಾಡಿತು.

"ಪುಸ್ತಕ ನೋಡ್ಕೊಂಡೇ ಕೇಳಿ ಆಂಟಿ," ಎಂದಳು ಅಸ್ರಾ.

ಸರಸಮ್ಮ ಬೆರಳಿಟ್ಟು ಓದಿದಳು. "ವಾಟ್ ಈಸ್ ಯುವರ್ ನೇಮ್?"

"ಮೈ ನೇಮ್ ಈಸ್ ಲತಾಮಣಿ."

ಎಷ್ಟು ಸಲೀಸಾಗಿ ಬಂತು! ಕನ್ನಡವಾಗಿದ್ದರೆ ಗಂಟಲಲ್ಲೇ ಉಳಿಯುತ್ತಿತ್ತು. ಮಾತಾಡುತ್ತಿರುವುದು ತಾವಲ್ಲ, ಎಲ್ಲೋ ದೂರದ ಊರಿನ, ಜಗಳವನ್ನೇ ಕಾಣದ ಇನ್ಯಾರೋ ಇಬ್ಬರು ಎನಿಸಿತು ಅವಳಿಗೆ. ಆ ಊರಿನ ಬೀದಿಯಲ್ಲಿ ಇಬ್ಬರೂ ನಿದ್ದೆಯಲ್ಲಿ ನಡೆದಂತೆ ನಡೆದರು. ಹೌ ಆರ್ ಯು. ಐ ಆಮ್ ಫೈನ್.

ಸರಸಮ್ಮನ ಬೆರಳು ಮುಂದಿನ ಸಾಲಿಗೆ ಬಂದು ನಿಂತುಬಿಟ್ಟಿತು.

"ಸುಲಭ ಇದೆ, ಓದಿ," ಎಂದ ಅಸ್ರಾ, ಅವಳು ಬಾಯಿ ಬಿಡದಿದ್ದಾಗ ತಾನೇ ಓದಿದಳು. "ಹೌ ಮೆನಿ ಚಿಲ್ಡ್ರನ್ ಡು ಯು ಹ್ಯಾವ್?"

ಮಕ್ಕಳಾಗದ ಲತಾಮಣಿಯ ಸೊಂಟದ ಮೇಲೇ ಬೆಳೆದವಳು ಸರಸಮ್ಮನ ಮಗಳು ಭಾನುಪ್ರಿಯ. ಆರು ವರ್ಷದವಳಿದ್ದಾಗ ಒಂದು ದಿನ, ಲತಾಮಣಿ ನೋಡಿಕೊಳ್ಳುತ್ತಿದ್ದಾಗಲೇ, ಜಗಲಿಯಿಂದ ಬಿದ್ದು ಕೈ ಮುರಿದುಕೊಂಡಳು. "ಹೆತ್ತಿದ್ರೆ ತಾನೇ ಗೊತ್ತಾಗೋದು," ಅಂದಿದ್ದಳು ಸರಸಮ್ಮ, ಬೀದಿಯ ಜನರೆದುರು. ಆ ತಿಂಗಳೇ ಅಂಗಳದ ನಡುವೆ ಗೋಡೆ ಎದ್ದಿತು. ಮಗು ಗೋಡೆಯಾಚೆಯಿಂದ ಚಿಕ್ಕಮ್ಮಾ ಎಂದು ಕೂಗಿ ಕೂಗಿ, ಕೊನೆಗೆ ಸುಮ್ಮನಾಯಿತು.

ಲತಾಮಣಿ ತಲೆಯೆತ್ತಿದಳು. "ಐ ಹ್ಯಾವ್ ಒನ್ ಡಾಟರ್," ಎಂದಳು ಮೆಲ್ಲಗೆ. "ಹರ್ ನೇಮ್ ಈಸ್ ಭಾನುಪ್ರಿಯ."

"ವೆರಿ ಗುಡ್!" ಅಸ್ರಾ ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ತಟ್ಟಲಿಲ್ಲ.

ಸರಸಮ್ಮ ಪುಸ್ತಕ ಕೆಳಗಿಟ್ಟಳು. "ಶಿ ಈಸ್... ಶಿ ಈಸ್ ಅಟ್ ಹೋಮ್," ಎಂದಳು, ಮೂರು ವಾರದಲ್ಲಿ ಕಲಿತದ್ದನ್ನೆಲ್ಲ ಒಟ್ಟುಮಾಡಿಕೊಂಡು. "ಕಮ್."

"ಬರೀ ಕಮ್ ಅನ್ನಬಾರದು ಆಂಟಿ, ಆರ್ಡರ್ ಮಾಡಿದ ಹಾಗಾಗುತ್ತೆ. ಪ್ಲೀಸ್ ಸೇರಿಸಿ."

ಸರಸಮ್ಮ ವಾರಗಿತ್ತಿಯ ಕಣ್ಣನ್ನೇ ನೋಡಿದಳು. "ಪ್ಲೀಸ್," ಎಂದಳು.

"ಬತ್ತೀನಿ ಕಣಕ್ಕ," ಅಂದಳು ಲತಾಮಣಿ.

"ಇಂಗ್ಲಿಷಲ್ಲಿ ಹೇಳಿ, ಇಂಗ್ಲಿಷಲ್ಲಿ!" ಎಂದಳು ಅಸ್ರಾ.