ಕೊಡೆಹಿಡಿಯ ಚಮಚ

“ಮಾಡಿ ತಂದ ವಸ್ತು ಕೆಲಸ ಮಾಡ್ಬೇಕು, ಆದ್ರೆ ಯಾರ ಉಪಯೋಗಕ್ಕೂ ಬರ್ಬಾರ್ದು. ಅದೇ ನಮ್ಮ ಸ್ಪರ್ಧೆ ನಿಯಮ,” ಎಂದ ತೀರ್ಪುಗಾರ, ಕೊಡೆಯ ಬಾಗಿದ ಹಿಡಿಗೆ ಬಿಗಿದಿದ್ದ ಚಮಚವನ್ನು ಎತ್ತಿ ತೋರಿಸುತ್ತ. ಒಸಾಕಾದ ಆ ಸಭಾಂಗಣ ಆಗಲೇ ಬಿದ್ದುಬಿದ್ದು ನಗುತ್ತಿತ್ತು. “ಹೇಳಿ ಕಿಯೋಜಿ ಸಾನ್, ನೀವು ಮಾಡಿರೋ ಇದ್ರಲ್ಲಿ ಯಾರಾದ್ರೂ ಉಣ್ತಾರಾ?”

ಮುಂದಿನ ಸಾಲಿನಲ್ಲಿ ಕಿಯೋಜಿಯ ಹೆಂಡತಿ ತೊಮಿಯೆ, ವಾತದಿಂದ ಬೆರಳೆಲ್ಲ ಸೆಟೆದಿದ್ದ ಕೈಯನ್ನು ‘ನಾನು’ ಎನ್ನುವಂತೆ ಅರ್ಧ ಎತ್ತಿದ್ದಳು. ಆ ಹಿಡಿಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಬೆಳಿಗ್ಗೆ ಯಾರೂ ಉಣಿಸದೆಯೇ ಗಂಜಿ ಉಂಡಿದ್ದಳು. ಕಿಯೋಜಿ ಅವಳನ್ನು ನೋಡಿದ, ಆಮೇಲೆ ಬಹುಮಾನದ ಬಟ್ಟಲನ್ನು ನೋಡಿದ.

“ಇದ್ರಲ್ಲಾ? ತಲೆ ಕೆಟ್ಟೋರು ಉಣ್ಬೇಕಷ್ಟೆ.”

ನಗೆ ಚಾವಣಿ ಮುಟ್ಟಿತು. ಮೊದಲ ಬಹುಮಾನ ಅವನಿಗೇ ಬಂತು.

ಸಂಜೆ ಮನೆಯಲ್ಲಿ ಅವನು ಎಂದಿನಂತೆ ಗಂಜಿಯ ಪಕ್ಕ ಆ ಚಮಚವನ್ನಿಟ್ಟ. ತೊಮಿಯೆ ಅದನ್ನು ಮೊಣಕೈಯಿಂದ, ಮೇಜಿನ ಮೇಲಿದ್ದ ಬಹುಮಾನದ ಬಟ್ಟಲಿನ ಕಡೆಗೆ ತಳ್ಳಿ, ಬೆಕ್ಕಿನ ಹಾಗೆ ಬಗ್ಗಿ, ಗಂಜಿಗೆ ಬಾಯಿ ಹಚ್ಚಿದಳು.