ಹಳ್ಳದಾಚೆಯ ಮುಯ್ಯಿ

“ನಾಳೆ ಬೆಳಗ್ಗೆ ಬರುತ್ತು, ಅಣ್ಣ. ಎಲ್ಲರೂ ಬರುತ್ತು. ಕತ್ತಿ ತರುತ್ತು. ಮುಯ್ಯಿ ತೀರಿಸುತ್ತು.”

ತನ್ನ ಹರಕು ಕನ್ನಡದಲ್ಲಿ ಇಷ್ಟು ಹೇಳಿ ಮಲೆಯಾಳದ ಔಸೇಪು ಹಲ್ಲು ಬಿಟ್ಟು ನಕ್ಕ. ಹೆಗಲ ಮೇಲಿನ ಟುವಾಲು ಕೊಡವಿಕೊಂಡು, ಹಳ್ಳಕ್ಕೆ ಅಡ್ಡ ಹಾಕಿದ್ದ ಮರದ ದಿಮ್ಮಿಯ ಮೇಲೆ ನಡೆದು ಆಚೆ ದಡ ಸೇರಿದ.

ಕಂಠಪ್ಪ ನಿಂತಲ್ಲೇ ಬೆವತ. ಮುಯ್ಯಿ ತೀರಿಸುತ್ತಾನಂತೆ! ಅದನ್ನೂ ಮನೆ ಬಾಗಿಲಿಗೆ ಬಂದು, ನಗುನಗುತ್ತ ಹೇಳಿ ಹೋಗುತ್ತಾನಲ್ಲ, ಎಂಥ ಎದೆಗಾರಿಕೆ ಇವನದು!

ಹೆಗ್ಗಡದೇವನಕೋಟೆಯ ಕಾಡಂಚಿನ ಆ ಊರಿಗೆ ಮಲೆಯಾಳದವರು ಗುಡ್ಡ ಇಳಿದು ಬಂದು ಎರಡು ಮಳೆಗಾಲ ಕಳೆದಿತ್ತು. ಹಳ್ಳದಾಚೆಯ ಬೀಳು ನೆಲ ಕೊಂಡರು, ಮರಗೆಣಸು ನೆಟ್ಟರು, ಆಳುಗಳಿಗೆ ಯಾರೂ ಕಂಡು ಕೇಳದಷ್ಟು ಕೂಲಿ ಕೊಟ್ಟರು. ಅಲ್ಲಿಂದ ಊರೇ ತಲೆಕೆಳಗಾಯಿತು. ಸಂತೆಯಲ್ಲಿ ಮೆಣಸಿನಕಾಯಿ ಮುಟ್ಟಿದರೂ ಖಾರ, ಬೆಲೆ ಕೇಳಿದರೂ ಖಾರ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಕೂಡಿ ಕುಯ್ಯುತ್ತಿದ್ದ ಜನ ಈಗ ಕೂಲಿ ಎಷ್ಟು ಎಂದು ಮೊದಲು ಕೇಳುತ್ತಿದ್ದರು.

ಕಂಠಪ್ಪನ ರಾಗಿ ಹೊಲ ಬಲಿತು ನಿಂತಿತ್ತು. ಕುಯ್ಯಲು ಆಳಿಲ್ಲ. ವೈನಾಡಿನ ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ತೆನೆಯೆಲ್ಲ ನೆಲಕಚ್ಚಿ ಮೊಳಕೆಯೊಡೆಯುತ್ತದೆ. ಆಮೇಲೆ ಹೊಲ ಮಾರದೆ ಬೇರೆ ದಾರಿಯಿಲ್ಲ.

“ಮಾರ್ಬುಡು ಕಣ್ಲಾ,” ಎಂದಿದ್ದ ನೆರೆಮನೆಯ ನಂಜಣ್ಣ. “ನಾನು ಮಾರಿ ಚೆನ್ನಾಗಿಲ್ವಾ?”

ಚೆನ್ನಾಗಿದ್ದ, ಪಾಪ. ಮಾರಿದ ಹೊಲದಲ್ಲೇ ಕೂಲಿ ಮಾಡುತ್ತಿದ್ದ.

ಆ ಸಿಟ್ಟಿಗೇ ಹೋದ ತಿಂಗಳು ಕಂಠಪ್ಪ ಒಂದು ಕೆಲಸ ಮಾಡಿದ್ದ. ತನ್ನ ಎರಡು ಎಮ್ಮೆಗಳನ್ನು ಹಳ್ಳ ದಾಟಿಸಿ ಔಸೇಪುವಿನ ಗೆಣಸಿಗೆ ನುಗ್ಗಿಸಿದ್ದ. ಹಗ್ಗ ಕಿತ್ತುಕೊಂಡು ಹೋದವು ಎಂದು ಊರಿಗೆಲ್ಲ ಹೇಳಿದ, ಊರು ನಂಬಿತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಸಮಾಧಾನ ಎಲ್ಲಿಂದ ಬರಬೇಕು? ಅಂದಿನಿಂದ ಹಳ್ಳದ ಕಡೆ ಎಲೆ ಅಲ್ಲಾಡಿದರೂ ಬೆಚ್ಚಿ ತಿರುಗಿ ನೋಡುತ್ತಿದ್ದ.

ಒಳಗೆ ಹೆಂಡತಿ ಶಿವರುದ್ರಮ್ಮ ರಾಗಿ ಬೀಸುತ್ತಿದ್ದಳು. ಹೋದ ತಿಂಗಳು ಭೇರ್ಯದ ಅಕ್ಕನ ಮನೆಗೆ ಹೋಗಿ ಬಂದಾಗಿನಿಂದ ಅವಳ ಅಂಗೈ ಒಡೆದು ಬಿರುಕು ಬಿಟ್ಟಿತ್ತು. ತಂಗಿಯನ್ನು ಕರೆಸಿಕೊಂಡು ಎತ್ತಿನ ಹಾಗೆ ಗೇಯಿಸಿ, ಬರಿಗೈಯಲ್ಲಿ ಕಳಿಸಿದ್ದಳು ಆ ಅಕ್ಕ, ಮಹಾತಾಯಿ, ಎಂದು ಕಂಠಪ್ಪ ಬೈದುಕೊಳ್ಳುತ್ತಿದ್ದ.

“ಔಸೇಪು ಬಂದಿದ್ದ. ನಾಳೆ ಎಲ್ಲ ಕತ್ತಿ ಇಡ್ಕೊಂಡು ಬತ್ತಾರಂತೆ. ಮುಯ್ಯಿ ತೀರುಸ್ತಾರಂತೆ.”

ಬೀಸುವ ಕಲ್ಲು ತಟಕ್ಕನೆ ನಿಂತಿತು. ಹೆದರಿದಳು ಎಂದುಕೊಂಡ.

“ಬರ್ಲಿ ಬುಡಿ,” ಎಂದಳು ಶಿವರುದ್ರಮ್ಮ, ತಲೆ ಎತ್ತದೆ. “ಬಂದೋರ್ನ ನಾನು ನೋಡ್ಕತೀನಿ. ನೀವು ಮಾತ್ರ ಸುಮ್ಕಿರಿ.”

“ಸುಮ್ಕಿರಾದಾ? ಏಳಿಲ್ವಾ ನಾನು, ಆ ಹಳ್ಳ ದಾಟಿ ಅವರ ಜೊತೆ ಸೇರೋರ್ಗೆ ಈ ಮನೇಲಿ ಜಾಗ ಇಲ್ಲ ಅಂತ? ಅವರೂ ಈಚೆ ಕಾಲಿಡಬಾರ್ದು!”

ಅವಳು ಮತ್ತೆ ಕಲ್ಲು ತಿರುಗಿಸಿದಳು. ಇಬ್ಬರ ಮನೆಗೆ ಇಷ್ಟೊಂದು ಹಿಟ್ಟೇಕೆ ಎಂದು ಕೇಳಲೂ ಕಂಠಪ್ಪನಿಗೆ ಪುರುಸೊತ್ತಿರಲಿಲ್ಲ. ಅವನ ಕಣ್ಣು ಮೂಲೆಯ ಕೊಡಲಿಯ ಮೇಲಿತ್ತು.

ಹೊತ್ತು ಮುಳುಗುವ ಮೊದಲೇ ಹಳ್ಳಕ್ಕೆ ಇಳಿದ. ಅವನಪ್ಪ ಹಾಕಿಸಿದ ಮತ್ತಿಮರದ ದಿಮ್ಮಿ. ಮೇಲೆ ಗುಡ್ಡದಲ್ಲಿ ಮಳೆಯಾಗಿ ನೀರು ಕೆಂಪಗೆ ಭೋರ್ಗರೆಯುತ್ತಿತ್ತು. ಹೊಡೆದ, ಉಸಿರು ಬಿಟ್ಟ, ಮತ್ತೆ ಹೊಡೆದ. ಅಪ್ಪನ ನೆನಪಾಯಿತು. ಆದರೂ ಕೈ ನಿಲ್ಲಲಿಲ್ಲ. ದಿಮ್ಮಿ ಲಟಕ್ಕನೆ ಮುರಿದು ನೀರಿನ ಪಾಲಾಯಿತು. ಇನ್ನು ಅವರು ಬರಬೇಕಾದರೆ ಆನೆ ಓಡಾಡುವ ಕಾಡುದಾರಿಯಲ್ಲಿ ಸುತ್ತಬೇಕು, ದಿನವೇ ಕಳೆಯುತ್ತದೆ. ಕಂಠಪ್ಪ ಮನೆಗೆ ಬಂದು, ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದ.

ಬೆಳಗಾಗುತ್ತಲೇ ದಡದ ಪೊದೆಯ ಮರೆಯಲ್ಲಿ ಕೂತ. ಬಂದರು. ಗಂಡಸರು ಮುಂದೆ, ಹೆಂಗಸರು ಹಿಂದೆ, ಎಲ್ಲರ ಕೈಯಲ್ಲೂ ಕುಡುಗೋಲು. ಕೆಲವರ ಹೆಗಲಲ್ಲಿ ಹಗ್ಗದ ಸುರುಳಿ. ಕಟ್ಟಿಹಾಕೋಕೆ ಹಗ್ಗ ಬೇರೆ ತಂದಿದ್ದಾರೆ! ಹೊಡೆದಾಟಕ್ಕೆ ಹೆಂಗಸರನ್ನೂ ಕರೆತರುವ ಜಾತಿ ಇದೆಂಥದಪ್ಪ ಎಂದು ಕಂಠಪ್ಪ ಬೆರಗಾದ. ಔಸೇಪು ದಿಮ್ಮಿಯಿಲ್ಲದ ಜಾಗ ನೋಡಿ ತಲೆಯ ಮೇಲೆ ಕೈ ಹೊತ್ತು ನಿಂತ. ಕಂಠಪ್ಪನಿಗೆ ನಗು ತಡೆಯಲಾಗಲಿಲ್ಲ. ಟಪ್ಪನೆ ನೆತ್ತಿಯ ಮೇಲೆ ಹನಿ ಬಿತ್ತು. ಅದೂ ಲಕ್ಷ್ಯಕ್ಕೆ ಬರಲಿಲ್ಲ.

ಹಿಂದೆ ಬಳೆ ಸದ್ದಾಯಿತು. ಶಿವರುದ್ರಮ್ಮ ಏದುಸಿರು ಬಿಡುತ್ತ ಬರುತ್ತಿದ್ದಳು. ತಲೆಯ ಮೇಲೆ ದೊಡ್ಡ ಬುಟ್ಟಿ ತುಂಬ ಮುದ್ದೆ, ಕಂಕುಳಲ್ಲಿ ಅವರೆಕಾಳು ಸಾರಿನ ಮಡಕೆ.

“ದಿಮ್ಮಿ ಎಲ್ಲೋಯ್ತು?”

“ನಾನೇ ಕಡ್ದಾಕ್ದೆ,” ಎಂದ ಕಂಠಪ್ಪ, ಮೀಸೆ ತಿರುವಿ. “ಈಗ ತೀರುಸ್ಲಿ ಮುಯ್ಯಿ, ನೋಡಾನ!”

ಅವಳು ಬುಟ್ಟಿ ಇಳಿಸಿ ನೆಲಕ್ಕೆ ಕುಸಿದಳು. ಕಪ್ಪಾದ ಆಕಾಶ ನೋಡಿದಳು, ಹಿಂದೆ ಬಲಿತು ಬಾಗಿದ ರಾಗಿ ಹೊಲ ನೋಡಿದಳು, ಬಿರುಕು ಬಿಟ್ಟ ಎರಡೂ ಅಂಗೈ ಗಂಡನ ಮುಂದೆ ಚಾಚಿದಳು.

“ಅಕ್ಕನ ಮನೇಗೆ ಅಂತ ಸುಳ್ಳೇಳಿ ಓಗಿ, ನೀವು ಎಮ್ಮೆ ನುಗ್ಸಿದ ಗೆಣಸಿನ ಹೊಲಾನ ಅವರ ಜೊತೆ ನಿಂತು ಮತ್ತೆ ನೆಟ್ಟುಕೊಟ್ಟು ಬಂದೆ ಕಣ್ರೀ, ಅದ್ಕೇ ನಮ್ಮ ರಾಗಿ ಕುಯ್ಯಕ್ಕೆ ಬಂದಿರೋ ಮುಯ್ಯಾಳುಗಳು ಅವರು!”